ಕಟ್ಟಿದ ಕೈಗೂ ಇರಲಿ ಒಂದು ಮೊಳ ಹೂವು

ಸಿಗ್ನಲ್‌ನಲ್ಲಿ ಕೊಂಡ ಮಲ್ಲಿಗೆಗೂ ಮನೆಯಲ್ಲಿ ಕೂತು ಕಟ್ಟಿದ ಮಲ್ಲಿಗೆಗೂ ಏನು ವ್ಯತ್ಯಾಸ? ದೇವರಿಗೆ ಎರಡೂ ಒಂದೇ ಇರಬಹುದು. ನಮಗೆ ಮಾತ್ರ ಒಂದೇ ಅಲ್ಲ!

ಮಧ್ಯಾಹ್ನ ಮೂರೂವರೆ. ಊಟದ ಪಾತ್ರೆ ತೊಳೆದು, ಒಣಗಿದ ಬಟ್ಟೆ ಮಡಿಸಿಟ್ಟಾಗಿದೆ. ಮಕ್ಕಳ ಸ್ಕೂಲ್ ವ್ಯಾನ್ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ಇಡೀ ದಿನದಲ್ಲಿ ನಮ್ಮದು ಅಂತ ಸಿಗೋದೇ ಈ ಅರ್ಧ ಗಂಟೆ, ಅಲ್ವಾ? ಆಗ ನೀವೇನು ಮಾಡ್ತೀರಿ? ನಿನ್ನೆ ತಪ್ಪಿಹೋದ ಸೀರಿಯಲ್ ನೋಡ್ತೀರಾ? ಮೊಬೈಲ್ ಹಿಡಿದು ಸೋಫಾದ ಮೇಲೆ ಕೂತುಬಿಡ್ತೀರಾ? ನಾನೂ ಅದನ್ನೇ ಮಾಡ್ತಿದ್ದೆ. ಅಮ್ಮ ನಮ್ಮ ಮನೆಗೆ ಬರುವವರೆಗೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆ. ಊರಿನ ಮನೆಯಲ್ಲಿ ದೊಡ್ಡ ಹಿತ್ತಲು, ಮಲ್ಲಿಗೆ ಚಪ್ಪರ, ಬಾವಿ ಪಕ್ಕ ಪಾರಿಜಾತ. ಇಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಎರಡು ಚಾಪೆ ಹಾಸಿದರೆ ಮುಗಿದುಹೋಗುವ ಬಾಲ್ಕನಿ. ಬಂದ ಎರಡನೇ ದಿನವೇ ಅಮ್ಮ ಕೇಳಿದಳು, "ಏನೇ, ಮನೇಲಿ ಒಂದು ಹೂವಿನ ಗಿಡವೂ ಇಲ್ವಲ್ಲೇ?"

"ಅದಕ್ಕೆಲ್ಲ ಟೈಮೆಲ್ಲಿದೆ ಅಮ್ಮ? ಬೇಕಾದಾಗ ಒಂದು ಮೊಳ ತಂದರಾಯ್ತು" ಅಂದೆ. ಅಮ್ಮ ಮಾತಾಡಲಿಲ್ಲ. ಮಾರನೇ ದಿನ ತರಕಾರಿ ತರೋಕೆ ಹೋದವಳು ಪೊಟ್ಟಣದಲ್ಲಿ ಬಿಡಿ ಮಲ್ಲಿಗೆ ಮೊಗ್ಗು ತಂದು, ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ ಕಟ್ಟೋಕೆ ಕೂತಳು. ನಾನು ಮೊಬೈಲ್ ಪಕ್ಕಕ್ಕಿಟ್ಟು ನೋಡ್ತಾ ಕೂತೆ. ಎಷ್ಟೋ ವರ್ಷದ ಮೇಲೆ ನನ್ನ ಕೈಗೂ ದಾರ ಬಂತು.

ತಿಂಗಳಿಗೊಂದು ಹೂವು

ಈಗ ಮಾರ್ಕೆಟ್‌ನಲ್ಲಿ ವರ್ಷವಿಡೀ ಎಲ್ಲ ಹೂವೂ ಸಿಗುತ್ತವೆ ಅನ್ನೋ ಭ್ರಮೆ ನಮಗೆ. ಹಾಗಾಗಿ ಯಾವ ಹೂವು ಯಾವ ಕಾಲದ್ದು ಅನ್ನೋದೇ ಮರೆತುಹೋಗಿದೆ. ಆದರೆ ಒಂದು ಹೂವಿಗೆ ಅದರ ಕಾಲದಲ್ಲಿರುವ ಘಮ, ಬೆಲೆ ಬೇರೆ ಕಾಲದಲ್ಲಿ ಇರೋದಿಲ್ಲ. ಚಳಿಗಾಲದಲ್ಲಿ ಮಲ್ಲಿಗೆ ಹುಡುಕಿ ದುಬಾರಿ ದುಡ್ಡು ಕೊಡೋದಕ್ಕಿಂತ, ಆಗ ರಾಶಿರಾಶಿ ಬರುವ ಸೇವಂತಿಗೆ ಮುಡಿಯೋದು ಜಾಣತನವಲ್ಲವೇ?

ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಮಲ್ಲಿಗೆಯ ಕಾಲ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ (ಜಿಐ) ಸಿಕ್ಕಿದೆ ಅನ್ನೋದು ನಿಮಗೆ ಗೊತ್ತಿರಬಹುದು. ನಾವು ಮೊಳ, ಮಾರು ಅಂತ ಅಳೆದರೆ, ಉಡುಪಿ ಕಡೆಯವರ ಲೆಕ್ಕವೇ ಬೇರೆ. ಅಲ್ಲಿ ಮಲ್ಲಿಗೆ ಚೆಂಡು, ಅಟ್ಟಿ ಲೆಕ್ಕದಲ್ಲಿ ಮಾರಾಟವಾಗುತ್ತೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ಅಷ್ಟನ್ನೂ ಬಾಳೆನಾರಿನಲ್ಲಿ ಕಟ್ಟುವವರು ಹೆಚ್ಚಾಗಿ ಹೆಂಗಸರೇ!

ಮಲೆನಾಡು, ಕರಾವಳಿಯಿಂದ ಬಂದ ಗೆಳತಿಯರಿದ್ದರೆ ಸುರಗಿ ಬಗ್ಗೆ ಕೇಳಿ ನೋಡಿ, ಕಣ್ಣರಳಿಸುತ್ತಾರೆ. ಬೇಸಿಗೆಯ ಶುರುವಿನಲ್ಲಿ ಕೆಲವೇ ವಾರ ಸಿಗುವ ಈ ಹೂವನ್ನು ಮೊಗ್ಗಿನಲ್ಲೇ ಕಿತ್ತು, ಪೋಣಿಸಿ, ಒಣಗಿಸಿ ಇಡುತ್ತಾರೆ. ಒಣಗಿದ ಮೇಲೂ ಘಮ ಹೋಗೋದಿಲ್ಲ. ಬೇಕಾದಾಗ ಸ್ವಲ್ಪ ನೀರು ಚಿಮುಕಿಸಿ ಮುಡಿಯಬಹುದು. ಬಕುಳವೂ ಹಾಗೇ. ಕೆಲವರು ರೆಂಜೆ ಅಂತಾರೆ, ನಮ್ಮ ಕಡೆ ಪಗಡೆ ಹೂವು. ಬೆಳಿಗ್ಗೆ ಮರದ ಕೆಳಗೆ ಬಿದ್ದದ್ದನ್ನು ಆರಿಸಿಕೊಂಡು ಬಂದರಾಯ್ತು. ನಡುವೆ ತೂತಿರೋದರಿಂದ ಸೂಜಿಯೂ ಬೇಡ, ಬಾಳೆನಾರಿನ ತುದಿ ಸಾಕು.

ಮಳೆ ಹಿಡಿದರೆ ಸಂಪಿಗೆ, ಕೇದಗೆ. ಮಲೆನಾಡಿನ ಅಂಗಳದಲ್ಲಿ ಬಣ್ಣಬಣ್ಣದ ಡೇರೆ. ಶ್ರಾವಣದಿಂದ ನವರಾತ್ರಿವರೆಗೆ ಪಾರಿಜಾತ, ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಹಾಸಿಬಿಟ್ಟಿರುತ್ತೆ. ಆಯುಧಪೂಜೆಗೆ ಚೆಂಡುಹೂವು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಸೇವಂತಿಗೆ. ರಾತ್ರಿ ದೊಡ್ಡದಾದಾಗಲೇ ಸೇವಂತಿಗೆ ಗಿಡ ಮೊಗ್ಗು ಬಿಡೋದು, ಅದಕ್ಕೇ ಅದು ಚಳಿಗಾಲದ ರಾಣಿ. ಮಲ್ಲಿಗೆ ಕಡಿಮೆಯಾದಾಗ ಕಾಕಡವಿದೆ. ಘಮ ಕಡಿಮೆ, ಆದರೆ ಬೆಳ್ಳಗೆ ದಂಡೆಗೆ ಚೆನ್ನ. ಘಮ ಬೇಕಾದರೆ ನಡುವೆ ಒಂದೆರಡು ಎಳೆ ಮರುಗ, ದವನ ಸೇರಿಸಿ.

ಅಂಗಳವಿಲ್ಲ, ಗಿಡವಿಲ್ಲ ಅಂತ ಕೊರಗಬೇಡಿ. ಬೆಂಗಳೂರಿನವರಿಗಂತೂ ರಸ್ತೆಯೇ ಹೂದೋಟ. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್ ಅವರು, ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳಬೇಕು ಅಂತ ಯೋಚಿಸಿ ಇಲ್ಲಿನ ರಸ್ತೆಗಳಿಗೆ ಮರ ಆರಿಸಿದವರು. ಯುಗಾದಿಗೆ ಹೊಂಗೆ, ಮೇ ತಿಂಗಳಿಗೆ ಗುಲ್‌ಮೊಹರ್, ದಸರಾ ಕಳೆದ ಮೇಲೆ ಆಕಾಶಮಲ್ಲಿಗೆ... ವಾಕಿಂಗ್ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ, ಇಲ್ಲವೇ ತಲೆ ತಗ್ಗಿಸಿ ನೆಲ ನೋಡಿ!

ಬೆರಳಿಗೆ ಬಂದರೆ ಬಿಡೋದಿಲ್ಲ

"ನಂಗೆ ಕಟ್ಟೋಕೇ ಬರಲ್ಲ ರೀ" ಅನ್ನೋರಿಗೆ ಅಮ್ಮ ಹೇಳುವ ಪಾಠ ಇದು. ಮೊದಲ ದಿನ ಮಲ್ಲಿಗೆ ಬೇಡ, ತೊಟ್ಟು ಚಿಕ್ಕದು. ಉದ್ದ ತೊಟ್ಟಿರುವ ಕಾಕಡ ತನ್ನಿ. ದಾರವನ್ನು ನೀರಿನಲ್ಲಿ ಅದ್ದಿ ಹಿಂಡಿ, ಒದ್ದೆ ದಾರ ಜಾರೋದಿಲ್ಲ. ಎರಡು ಮೊಗ್ಗು ಈ ಕಡೆ ಮುಖ ಮಾಡಿ, ಎರಡು ಮೊಗ್ಗು ಆ ಕಡೆ ಮುಖ ಮಾಡಿ ಇಡಿ. ತೊಟ್ಟುಗಳು ನಡುವೆ ಒಂದರ ಮೇಲೊಂದು ಕೂರಬೇಕು. ಎಡಗೈ ಹೆಬ್ಬೆರಳಿನಲ್ಲಿ ಅದನ್ನು ಒತ್ತಿ ಹಿಡಿದು, ಬಲಗೈಯಿಂದ ದಾರ ಒಂದು ಸುತ್ತು ಸುತ್ತಿ, ಬೆರಳಿನ ಮೇಲೆ ಒಂದು ಕುಣಿಕೆ ಮಾಡಿ, ತೊಟ್ಟಿನ ಮೇಲಿಂದ ಹಾಕಿ ಎಳೆಯಿರಿ. ಇಷ್ಟೇ ಗಂಟು. ಜೋರಾಗಿ ಎಳೆದರೆ ತೊಟ್ಟು ಕತ್ತರಿಸಿಹೋಗುತ್ತೆ, ಸಡಿಲ ಬಿಟ್ಟರೆ ಮುಡಿಯುವಾಗ ಉದುರುತ್ತೆ. ಆ ಹದ ಮಾತ್ರ ಯಾರೂ ಹೇಳಿಕೊಡೋಕಾಗಲ್ಲ, ನಾಲ್ಕು ದಿನ ಕಟ್ಟಿದರೆ ಬೆರಳಿಗೇ ಗೊತ್ತಾಗುತ್ತೆ.

ನೈಲಾನ್ ದಾರ ಬೇಡ. ಹತ್ತಿ ದಾರ ಒಳ್ಳೆಯದು, ಬಾಳೆನಾರು ಇನ್ನೂ ಒಳ್ಳೆಯದು. ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ ಉಗುರಿನಿಂದ ಸೀಳಿದರೆ ಎಷ್ಟು ಬೇಕೋ ಅಷ್ಟು ನಾರು. ಹೂವಿನ ತೊಟ್ಟಿಗೂ ತಂಪು, ಕೊನೆಗೆ ಹೂವಿನ ಜೊತೆ ಗೊಬ್ಬರವೂ ಆಗುತ್ತೆ.

ಮೊದಲ ದಿನ ಒಂದು ಗೇಣು ಕಟ್ಟೋಕೆ ನನಗೆ ಅರ್ಧ ಗಂಟೆ ಬೇಕಾಯ್ತು. ಅಮ್ಮ ಅಷ್ಟರಲ್ಲಿ ಎರಡು ಮೊಳ ಮುಗಿಸಿದ್ದಳು. ಆದರೆ ಆ ಅರ್ಧ ಗಂಟೆಯಲ್ಲಿ ನಾವಿಬ್ಬರೂ ಎಷ್ಟು ಮಾತಾಡಿದೆವು ಗೊತ್ತಾ? ಕೈಗೆ ಕೆಲಸವಿದ್ದಾಗ ಬಾಯಿಗೆ ಸಂಕೋಚ ಇರೋದಿಲ್ಲ. ಅಪ್ಪನ ಕೊನೆಯ ದಿನಗಳ ಬಗ್ಗೆ ಅಮ್ಮ ಬಾಯಿಬಿಟ್ಟಿದ್ದು ಹೂ ಕಟ್ಟುತ್ತಲೇ.

ಹೂವಿಲ್ಲದ ದಿನಕ್ಕೆ ಕೈಕೆಲಸ

ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ. ಅದಕ್ಕೇ ಹಳಬರು ಹೂವಿಲ್ಲದ ದಿನಕ್ಕೂ ದಾರಿ ಮಾಡಿಟ್ಟಿದ್ದರು. ಗೆಜ್ಜೆವಸ್ತ್ರ ನೋಡಿ. ಹತ್ತಿಯನ್ನು ಬಿಡಿಸಿ, ಬೆರಳ ತುದಿಗೆ ಹಾಲೋ ನೀರೋ ಹಚ್ಚಿಕೊಂಡು ಎಳೆದು ಹೊಸೆಯುತ್ತಾ, ಸ್ವಲ್ಪ ಸ್ವಲ್ಪ ದೂರಕ್ಕೆ ಚಿವುಟಿ ತಿರುವಿದರೆ ಗೆಜ್ಜೆ ಗೆಜ್ಜೆಯಾಗಿ ಹಾರ ಬರುತ್ತೆ. ಗೆಜ್ಜೆಗೊಂದು ಕುಂಕುಮದ ಬೊಟ್ಟು. ಇದನ್ನು ಬಿಡುವಿದ್ದಾಗ ಮಾಡಿ ಡಬ್ಬಿಯಲ್ಲಿಟ್ಟರೆ ಹಬ್ಬದ ದಿನ ಪರದಾಟವಿಲ್ಲ. ಹೂಬತ್ತಿಯೂ ಅಷ್ಟೇ.

ಪೂಜೆಯಾದ ಚೆಂಡುಹೂವನ್ನು ಎಸೆಯಬೇಡಿ. ಎಸಳು ಬಿಡಿಸಿ, ನೆರಳಲ್ಲಿ ಒಣಗಿಸಿ ಕೂಡಿಡಿ. ಹಳೆಯ ಬಿಳಿ ಕಾಟನ್ ದುಪಟ್ಟಾ ಇದ್ದರೆ ಚೆನ್ನಾಗಿ ಒಗೆದು, ಪಟಿಕ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ. (ಪಟಿಕ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತೆ.) ಮಾರನೇ ದಿನ ಎಸಳನ್ನು ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಅದೇ ನೀರಿನಲ್ಲಿ ಬಟ್ಟೆ ಹಾಕಿ ಸಣ್ಣ ಉರಿಯಲ್ಲಿ ಇನ್ನರ್ಧ ಗಂಟೆ ಇಡಿ. ಅರಿಶಿನಕ್ಕಿಂತ ತುಸು ಗಾಢವಾದ ಹಳದಿ ಬರುತ್ತೆ. ಕಬ್ಬಿಣದ ಬಾಣಲೆ ಮಾತ್ರ ಬೇಡ, ಬಣ್ಣ ಕಪ್ಪಾಗುತ್ತೆ.

ಹಳೆಯ ಸೀರೆಗಳಿದ್ದರೆ ಕೌದಿ ಇದ್ದೇ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಒಂದು ಚೆಂದದ ಪದ್ಧತಿಯಿದೆ. ಎಲ್ಲ ಹೊಲಿದಾದ ಮೇಲೆ ಮೂಲೆಗಳಿಗೆ ಬಟ್ಟೆಯ ಚೂರುಗಳನ್ನು ತ್ರಿಕೋನವಾಗಿ ಮಡಿಸಿ ಕೂರಿಸುತ್ತಾರೆ. ಅದಕ್ಕೆ 'ಫೂಲ' ಅನ್ನುತ್ತಾರೆ, ಅಂದರೆ ಹೂವು. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ. ಹೊದೆಯುವ ಕೌದಿಗೂ ಮುಡಿಸುತ್ತಾರೆ ನೋಡಿ ಹೂವು!

ತಟ್ಟೆ ಅಮ್ಮನನ್ನು ದಾಟಿ ಹೋಯಿತು

ಈಗ ಹೇಳಲೇಬೇಕಾದ ಒಂದು ಮಾತು. ಹೇಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ.

ಅಮ್ಮ ಬಂದ ವರ್ಷ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ ಜೋರಾಗಿ ಮಾಡಿದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಅಮ್ಮ ಕಳಶಕ್ಕೆ ದಂಡೆ, ಬಾಗಿಲಿಗೆ ತೋರಣ, ಬರುವವರಿಗೆ ಕೊಡೋಕೆ ಮೊಳ ಮೊಳ ಮಲ್ಲಿಗೆ, ಎಲ್ಲ ಕಟ್ಟಿಟ್ಟಳು. ಗೆಜ್ಜೆವಸ್ತ್ರ, ಬತ್ತಿಯೂ ಅವಳದ್ದೇ. ಸಂಜೆ ಅಕ್ಕಪಕ್ಕದವರೆಲ್ಲ ಅರಿಶಿನ ಕುಂಕುಮಕ್ಕೆ ಬಂದರು. "ಎಷ್ಟು ಒತ್ತಾಗಿ ಕಟ್ಟಿದ್ದೀರಿ ರೀ!" ಅಂತ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾನು ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ, ಹೂವು ಕೊಡ್ತಾ ಬಂದೆ. ಸಾಲಿನ ಕೊನೆಯ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ನನ್ನ ಕೈ ತಾನಾಗೇ ಅವಳನ್ನು ದಾಟಿ, ಬಾಗಿಲಲ್ಲಿ ಆಗ ತಾನೇ ಬಂದವರ ಕಡೆ ಹೋಯಿತು.

ಯಾರೂ ಏನೂ ಅನ್ನಲಿಲ್ಲ, ಯಾರಿಗೂ ಅದು ವಿಶೇಷ ಅನ್ನಿಸಲೂ ಇಲ್ಲ. ಅಮ್ಮ ಮೆಲ್ಲಗೆ ಎದ್ದು ರೂಮಿಗೆ ಹೋದಳು. ಅತ್ತೆಯಲ್ಲ, ಸಂಪ್ರದಾಯಸ್ಥ ನೆಂಟರಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಹೀಗೆ ಮಾಡಿದ್ದು.

ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಆಲ್ಬಮ್ ತೆಗೆದೆ. ಅದರಲ್ಲಿ ಅಮ್ಮನ ಎಂಟನೇ ವರ್ಷದ ಒಂದು ಫೋಟೋ ಇದೆ. ಆಗಿನ ಕಾಲದಲ್ಲಿ ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹೆಣೆಸಿ ಸ್ಟುಡಿಯೋಗೆ ಕರೆದುಕೊಂಡು ಹೋಗ್ತಿದ್ದರಲ್ಲ, ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟು ತೆಗೆಯುತ್ತಿದ್ದ ಫೋಟೋ, ಅದು. ಮುಂದೆ ಗಂಭೀರವಾಗಿ ನಿಂತ ಪುಟ್ಟ ಹುಡುಗಿ, ಹಿಂದೆ ಕನ್ನಡಿಯಲ್ಲಿ ಸೊಂಟದವರೆಗೂ ಮಲ್ಲಿಗೆ. ಆ ಹೂವನ್ನು ಅವಳಿಗೆ ಮುಡಿಸಿದ್ದು ಅವಳಮ್ಮ. ಅಪ್ಪ ಯಾರು ಅಂತಲೇ ಆಗ ಅವಳಿಗೆ ಗೊತ್ತಿರಲಿಲ್ಲ! ಗಂಡ ಬರುವ ಎಷ್ಟೋ ವರ್ಷ ಮೊದಲೇ ತಲೆಗೇರಿದ ಹೂವನ್ನು ಗಂಡನ ಜೊತೆ ಕಳಿಸಿಬಿಡಬೇಕು ಅನ್ನೋದು ಯಾವ ನ್ಯಾಯ?

ಕಾಲ ಬದಲಾಗಿಲ್ಲ ಅಂತಲ್ಲ. 2013ರಲ್ಲೇ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವಸ್ಥಾನದ ಗರ್ಭಗುಡಿಯಲ್ಲಿ ಬದಲಾದದ್ದು ನಮ್ಮ ಮನೆಯ ಹಾಲ್‌ನಲ್ಲಿ ಬದಲಾಗಿರಲಿಲ್ಲ.

ದಾರವಿಲ್ಲದ ಜಡೆ

ಮಾರನೇ ದಿನ ಕ್ಷಮಿಸು ಅಂದೆ. "ಅದಕ್ಕೇನೇ, ನಂಗೇನೂ ಅನ್ನಿಸಲಿಲ್ಲ ಬಿಡು" ಅಂದಳು ಅಮ್ಮ. ಅನ್ನಿಸಿತ್ತು ಅಂತ ಇಬ್ಬರಿಗೂ ಗೊತ್ತಿತ್ತು. ಹೂ ಮುಡಿಯೋಕೆ ಒತ್ತಾಯಿಸಿದೆ. "ಜನ ಏನಂತಾರೆ? ಈ ವಯಸ್ಸಲ್ಲಿ ನಂಗ್ಯಾಕೆ?" ಅಂದಳು. ನಾನು ಸುಮ್ಮನಾದೆ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಹಾಲು ತರೋಕೆ ಹೋಗಿದ್ದೆವು. ನಮ್ಮ ರಸ್ತೆಯ ಆಕಾಶಮಲ್ಲಿಗೆ ಮರ ರಾತ್ರಿಯೆಲ್ಲಾ ಹೂ ಸುರಿದಿತ್ತು. ಅಮ್ಮ ಬಗ್ಗಿ ಬಗ್ಗಿ ಆರಿಸಿ ಸೆರಗಿನಲ್ಲಿ ತುಂಬಿಕೊಂಡಳು. ಆ ಹೂವಿಗೆ ಉದ್ದನೆಯ ಕೊಳವೆಯಂಥ ತೊಟ್ಟು. ಒಂದರ ತೊಟ್ಟಿಗೆ ಇನ್ನೊಂದನ್ನು ಸೇರಿಸುತ್ತಾ ಜಡೆ ಹೆಣೆದ ಹಾಗೆ ಹೆಣೆಯಬಹುದು. ದಾರ ಬೇಡ, ಸೂಜಿ ಬೇಡ. ಸ್ಕೂಲಿಗೆ ಹೋಗುವಾಗ ಹೀಗೇ ಹೆಣೆದು ಮುಡಿಯುತ್ತಿದ್ದೆವು ಅಂತ ಹೇಳುತ್ತಲೇ ಮನೆ ಬರುವಷ್ಟರಲ್ಲಿ ಒಂದು ಗೇಣು ಹೆಣೆದಿದ್ದಳು. ಮುಗಿಸಿ ಅಭ್ಯಾಸದಂತೆ ನನ್ನ ಕಡೆ ಚಾಚಿದಳು.

ನಾನು ತಗೊಳ್ಳಲಿಲ್ಲ. "ಅಮ್ಮ, ಕಟ್ಟಿದ ಕೈಗೆ ಇಲ್ಲದ ದೋಷ ಮುಡಿದ ತಲೆಗೆ ಎಲ್ಲಿಂದ ಬರುತ್ತೆ? ನೀನು ಕಟ್ಟಿದ್ದನ್ನು ದೇವರೇ ಹಾಕ್ಕೊಂಡಿಲ್ವಾ?" ಅಂದೆ. ಅಮ್ಮ ತುಂಬಾ ಹೊತ್ತು ಹೂವನ್ನೇ ನೋಡ್ತಾ ಕೂತಳು. ಆಮೇಲೆ ಎದ್ದು ಹೋಗಿ ತನ್ನ ದಿಂಬಿನ ಪಕ್ಕ ಇಟ್ಟುಕೊಂಡಳು.

ಅಷ್ಟೇ. ಸಿನಿಮಾದಲ್ಲಿ ಆಗುವ ಹಾಗೆ ಅವತ್ತೇ ಮುಡಿದುಬಿಡಲಿಲ್ಲ. ಒಂದು ಮಳೆಗಾಲ ಬಂದ ಮೇಲೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಒಂದು ಸಂಪಿಗೆ ತುರುಬಿಗೆ ಸಿಕ್ಕಿಸಿಕೊಂಡಳು. ಹೊರಗೆ ಹೋಗುವಾಗ ಈಗಲೂ ತೆಗೆದಿಡುತ್ತಾಳೆ. ಇರಲಿ, ಅವಳ ಹೂವು, ಅವಳ ಮನಸ್ಸು. ಮುಡಿಯಲೇಬೇಕು ಅನ್ನೋದೂ ಮುಡಿಯಲೇಬಾರದು ಅನ್ನೋದರಷ್ಟೇ ತಪ್ಪು. ತಟ್ಟೆ ಮಾತ್ರ ಈಗ ನಮ್ಮ ಮನೆಯಲ್ಲಿ ಯಾರನ್ನೂ ದಾಟಿ ಹೋಗೋದಿಲ್ಲ. ಹೂವು ಮೊದಲು ಕೊಡೋದು ಅಮ್ಮನಿಗೇ. ತಗೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ.

ಗುರುವಾರ ಮಧ್ಯಾಹ್ನ ನಮ್ಮ ಬಿಲ್ಡಿಂಗ್‌ನ ನಾಲ್ಕೈದು ಜನ ಈಗ ಅಮ್ಮನ ಹತ್ತಿರ ಹೂ ಕಟ್ಟೋದು ಕಲಿಯೋಕೆ ಬರುತ್ತಾರೆ. ಆ ಅರ್ಧ ಗಂಟೆಯಲ್ಲಿ ಟಿವಿ ಇಲ್ಲ, ಮೊಬೈಲ್ ಇಲ್ಲ. "ಅಜ್ಜಿ, ನನ್ನದು ಸಡಿಲ ಆಯ್ತು", "ಆಂಟಿ, ಇದು ಸರಿ ಇದೆಯಾ?" ಅನ್ನೋ ಗಲಾಟೆಯಲ್ಲಿ ಅಮ್ಮನ ಮುಖ ನೋಡಬೇಕು ನೀವು!

ನೀವೂ ಮಾಡಿ ನೋಡಿ

• ವಾರಕ್ಕೊಂದು ದಿನವಾದರೂ ಕಟ್ಟಿದ ಹೂವಿನ ಬದಲು ಬಿಡಿ ಹೂವು ತನ್ನಿ. ಕಾಲದ ಹೂವನ್ನೇ ಕೇಳಿ, ಹೂವಾಡಗಿತ್ತಿಗೆ ಯಾವುದು ತಾಜಾ ಅಂತ ಚೆನ್ನಾಗಿ ಗೊತ್ತಿರುತ್ತೆ.

• ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಮೇಲೆ ನೀರು ಸುರಿಯಬೇಡಿ, ಮೊಗ್ಗು ಕಂದುತ್ತೆ.

• ಬಾಲ್ಕನಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುತ್ತಿದ್ದರೆ ಕುಂಡದಲ್ಲಿ ದುಂಡುಮಲ್ಲಿಗೆ ಬೆಳೆಸಿ. ಚಳಿಗಾಲದಲ್ಲಿ ಗಿಡ ಸವರಿ ಗೊಬ್ಬರ ಕೊಟ್ಟರೆ ಬೇಸಿಗೆ ಹೊತ್ತಿಗೆ ಮೊಗ್ಗು.

• ಒಣಗಿದ ಸುರಗಿ, ಬಕುಳದ ಹೂವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ರೇಷ್ಮೆ ಸೀರೆಗಳ ನಡುವೆ ಇಡಿ. ಬೀರು ತೆಗೆದಾಗೆಲ್ಲ ಘಮ್ಮೆನ್ನುತ್ತೆ.

• ದೇವರ ಮನೆಯ ಬಾಡಿದ ಹೂವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಕೆರೆಗೆ ಎಸೆಯಬೇಡಿ. ಕುಂಡದ ಮಣ್ಣಿಗೆ ಸೇರಿಸಿ, ಗೊಬ್ಬರವಾಗುತ್ತೆ.

• ಮಗಳಿಗಷ್ಟೇ ಅಲ್ಲ, ಮಗನಿಗೂ ಹೂ ಕಟ್ಟೋದು ಕಲಿಸಿ. ಮಾರ್ಕೆಟ್‌ನಲ್ಲಿ ಮಾರುಗಟ್ಟಲೆ ಹಾರ ಕಟ್ಟೋ ಗಂಡಸರನ್ನು ನೋಡಿಲ್ವೇ?

• ಮುಂದಿನ ಹಬ್ಬಕ್ಕೆ ತಟ್ಟೆ ಹಿಡಿದು ಹೊರಟಾಗ ಸಾಲಿನ ಕೊನೆಯ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ಒಮ್ಮೆ ನೋಡಿ. ಅಮ್ಮನೋ, ಅತ್ತೆಯೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಇರಬಹುದು. ಒಂದು ಮೊಳ ಅವರಿಗೂ ಇರಲಿ.